ಓದುಗರ ಪ್ರಶ್ನೆ: ಡ್ಯೂಟಿ ನಡುವೆ ಆಸ್ಪತ್ರೆ ಆಡಳಿತದ ಓದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಆಸ್ಪತ್ರೆಗಳಲ್ಲಿ ದುಡಿಯುವವರವು. ಕೆಲಸ ಬಿಡದೆ, ಊರು ಬಿಡದೆ ಆಸ್ಪತ್ರೆ ಆಡಳಿತವನ್ನು ಆನ್‌ಲೈನಿನಲ್ಲಿ ಓದಬಹುದೇ, ಓದಿದರೆ ನಡೆಯುತ್ತದೆಯೇ ಎಂಬುದೇ ಎಲ್ಲರ ಪ್ರಶ್ನೆ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಜಿಎನ್‌ಎಂ ಮುಗಿಸಿ ಹನ್ನೊಂದು ವರ್ಷ ಆತು, ಈಗ ವಾರ್ಡ್ ಇನ್‌ಚಾರ್ಜ್ ಇದ್ದೀನಿ. ಕೌನ್ಸೆಲರ್ ಅಂತ ಒಬ್ರು ದಿನಾ ಫೋನ್ ಮಾಡಿ ‘ಮೇಡಂ, ನಿಮಗ ಡೈರೆಕ್ಟ್ ಹಾಸ್ಪಿಟಲ್ ಎಂಬಿಎ ಸಿಗತೈತಿ, ಇವತ್ತ ಸೀಟ್ ಬ್ಲಾಕ್ ಮಾಡ್ರಿ’ ಅಂತಾರ. ನಂಬಬಹುದೇನ್ರಿ?
– ಸ್ಟಾಫ್ ನರ್ಸ್, ಕೇಶ್ವಾಪುರ, ಹುಬ್ಬಳ್ಳಿ

ನಂಬಬೇಡಿ ಸಿಸ್ಟರ್. ಜಿಎನ್‌ಎಂ ಎಂಬುದು ನರ್ಸಿಂಗ್ ಡಿಪ್ಲೊಮಾ, ಪದವಿಯಲ್ಲ. ಎಂಬಿಎಗೆ ಯಾವುದಾದರೂ ಒಂದು ಪದವಿ ಇರಲೇಬೇಕು. ‘ಡೈರೆಕ್ಟ್’ ಅನ್ನುವವರು ಕೊಡುವುದು ಎಂಬಿಎ ಎಂಬ ಹೆಸರು ಹೊತ್ತ ಖಾಸಗಿ ಸರ್ಟಿಫಿಕೇಟು ಇರಬಹುದು. ಇಲ್ಲವೇ ಹಣ ಕಟ್ಟಿಸಿಕೊಂಡ ಮೇಲೆ ನಿಮ್ಮ ಅರ್ಜಿ ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ. ನಿಮಗಿರುವ ದಾರಿ ಎರಡು. ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮಾಡಿ ಆಮೇಲೆ ಎಂಬಿಎ ಸೇರಬಹುದು. ಅಷ್ಟು ಬಿಡುವಿಲ್ಲದಿದ್ದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಬಿ.ಎ. ಅಥವಾ ಬಿ.ಕಾಂ. ಮುಗಿಸಬಹುದು. ನರ್ಸಿಂಗ್ ಸುಪರಿಂಟೆಂಡೆಂಟ್ ಹುದ್ದೆ ಮನಸ್ಸಿನಲ್ಲಿದ್ದರೆ ಮೊದಲನೆಯದೇ ಸರಿ. ಆ ಹುದ್ದೆಗೆ ನರ್ಸಿಂಗ್ ಪದವಿ ಕೇಳುತ್ತಾರೆ, ಬಿ.ಎ. ಅಲ್ಲ.

ಪದವಿ ಇದ್ದವರೂ ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಬೇಕು. ಯುಜಿಸಿಯ ದೂರ ಶಿಕ್ಷಣ ವಿಭಾಗ, ಅಂದರೆ ಡಿಇಬಿಯ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇರುತ್ತದೆ. ಅಲ್ಲಿ ವಿಶ್ವವಿದ್ಯಾಲಯದ ಹೆಸರು ಕಂಡಿತೆಂದು ಮುಚ್ಚಿಬಿಡಬೇಡಿ. ನೀವು ಸೇರುವ ವರ್ಷ, ಆ ಸರದಿ (ಜುಲೈ ಅಥವಾ ಜನವರಿ), ಆ ಕೋರ್ಸಿನ ಪೂರ್ತಿ ಹೆಸರು, ‘ಆನ್‌ಲೈನ್’ ಅಥವಾ ‘ದೂರ ಶಿಕ್ಷಣ’ ಎಂಬ ವಿಧಾನ, ಈ ನಾಲ್ಕೂ ಒಂದೇ ಸಾಲಿನಲ್ಲಿ ಕೂಡಿಬರಬೇಕು. ಮಾನ್ಯತೆ ವರ್ಷಕ್ಕೂ ಕೋರ್ಸಿಗೂ ಸೇರಿದ್ದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಕೆಲವು ವರ್ಷ ಮಾನ್ಯತೆ ಇಲ್ಲದೆ, 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಸೇರಿದವರು ಪಟ್ಟ ಪಾಡು ನಮ್ಮ ಕಡೆ ಇನ್ನೂ ಮರೆತಿಲ್ಲ. ಆರೋಗ್ಯದ ಕೋರ್ಸುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೊಥೆರಪಿ ಪದವಿಗಳಿಗೆ ಆನ್‌ಲೈನ್ ಅನುಮತಿ ಮೊದಲಿನಿಂದಲೂ ಇಲ್ಲ. 2025ರ ಜುಲೈ-ಆಗಸ್ಟ್ ಸರದಿಯಿಂದ ಮನೋವಿಜ್ಞಾನ, ಮೈಕ್ರೊಬಯಾಲಜಿ, ಆಹಾರ ಮತ್ತು ಪೋಷಣೆಯಂಥವನ್ನೂ ಯುಜಿಸಿ ನಿಲ್ಲಿಸಿದೆ. ಆದ್ದರಿಂದ ಹೋದ ವರ್ಷ ಪಕ್ಕದ ವಾರ್ಡಿನ ಸಿಸ್ಟರ್ ಸೇರಿದ್ದರು ಎಂಬುದು ಈ ವರ್ಷಕ್ಕೆ ಆಧಾರವಾಗುವುದಿಲ್ಲ.

2024ರ ಸೆಪ್ಟೆಂಬರ್ ಸರದಿಯಿಂದ ಡಿಇಬಿ ಐಡಿ ಇಲ್ಲದೆ ಪ್ರವೇಶವೇ ಇಲ್ಲ. ಡಿಜಿಲಾಕರ್ ಮೂಲಕ ಎಬಿಸಿ ಐಡಿ (ಗಳಿಸಿದ ಕ್ರೆಡಿಟ್ಟುಗಳನ್ನು ಜಮೆ ಇಡುವ ಖಾತೆಯ ಸಂಖ್ಯೆ) ಮಾಡಿಕೊಂಡು, ಅದರಿಂದ ಡಿಇಬಿ ಐಡಿ ಪಡೆಯಬೇಕು. ನಮ್ಮ ಭಾಗದವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಪೂರ್ತಿ ಇರುತ್ತವೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ. ಮದುವೆಯಾದ ಮೇಲೆ ಗಂಡನ ಮನೆತನದ ಅಡ್ಡಹೆಸರು ಆಧಾರಿಗೆ ಸೇರಿದ್ದರೆ ಮುಗಿದೇ ಹೋಯಿತು. ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಆಧಾರನ್ನು ಮೊದಲು ತಿದ್ದಿಸಿ, ಆಮೇಲೆ ಐಡಿ ಮಾಡಿ. ಐಡಿ ಮಾಡಿದ ಮೇಲೆ ಆಧಾರ್ ತಿದ್ದಲು ಹೋದರೆ ಎರಡೂ ಕಡೆ ಓಡಾಟ.

‘ಬಡ್ಡಿಯಿಲ್ಲದ ಕಂತು’ ಅಂದರೆ ಸಾಮಾನ್ಯವಾಗಿ ಹಣಕಾಸು ಕಂಪನಿಯೊಂದು ನಿಮ್ಮ ಹೆಸರಿಗೆ ಕೊಡುವ ಸಾಲ. ಕೋರ್ಸ್ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಸೆಮಿಸ್ಟರಿಗೊಮ್ಮೆ ವಿಶ್ವವಿದ್ಯಾಲಯದ ಖಾತೆಗೇ ಫೀ ಕಟ್ಟಿ, ರಸೀದಿಯೂ ವಿಶ್ವವಿದ್ಯಾಲಯದ ಹೆಸರಿನಲ್ಲೇ ಇರಲಿ.

ಬಿ.ಕಾಂ. ಆಗೇನಿ, ನರ್ಸಿಂಗ್ ಹೋಮಿನ ವಿಮೆ ಮತ್ತು ಆರೋಗ್ಯ ಕರ್ನಾಟಕ ಡೆಸ್ಕ್ ನೋಡ್ತೀನಿ. ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಯ ಆರು ತಿಂಗಳ ಸರ್ಟಿಫಿಕೇಟ್ ಮಾಡ್ಲೋ, ಎರಡು ವರ್ಷದ ಆನ್‌ಲೈನ್ ಎಂಬಿಎ ಮಾಡ್ಲೋ?
– ಗದಗ

ಸರ್ಟಿಫಿಕೇಟಿಗೆ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಅದು ಪದವಿಯಲ್ಲ. ‘ಸ್ನಾತಕೋತ್ತರ ಪದವಿ ಕಡ್ಡಾಯ’ ಎಂಬ ಜಾಹೀರಾತಿಗೆ ಅದು ನಡೆಯದು. ನಿಮ್ಮ ವಯಸ್ಸು ಮೂವತ್ತರೊಳಗಿದ್ದು, ಮುಂದೆ ಕಾರ್ಪೊರೇಟ್ ಆಸ್ಪತ್ರೆಯ ಆಪರೇಷನ್ಸ್ ವಿಭಾಗಕ್ಕೆ ಹೋಗುವ ಯೋಚನೆಯಿದ್ದರೆ ಎಂಬಿಎ ಮಾಡಿ. ಇದೇ ಡೆಸ್ಕನ್ನು ಚೆನ್ನಾಗಿ ನಡೆಸಬೇಕೆಂದಿದ್ದರೆ ಆರು ತಿಂಗಳದ್ದು ಸಾಕು. ಅದಕ್ಕೂ ಮೊದಲು ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನ ಒಂದು ಮ್ಯಾನೇಜ್‌ಮೆಂಟ್ ಕೋರ್ಸ್ ಹಿಡಿದು ನೋಡಿ. ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ವಾರವಾರದ ಅಸೈನ್‌ಮೆಂಟನ್ನು ಗಡುವಿನೊಳಗೆ ಕಳಿಸುವುದು ನಿಮ್ಮಿಂದ ಆಗುತ್ತದೆಯೇ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಸಮಯದ ಲೆಕ್ಕ ಯಾರೂ ಹೇಳುವುದಿಲ್ಲ, ಇಲ್ಲಿ ಹೇಳಿಬಿಡುತ್ತೇವೆ. ಯುಜಿಸಿ ನಿಯಮದಂತೆ ದೂರ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ, ಐದು ವಿಷಯಕ್ಕೆ 600 ಗಂಟೆ. ಇಪ್ಪತ್ತು ವಾರಕ್ಕೆ ಹಂಚಿದರೆ ವಾರಕ್ಕೆ 30 ಗಂಟೆ. ದುಡಿಯುವವರು ಅಷ್ಟು ಕೂರುವುದಿಲ್ಲ, ನಿಜ. ಆದರೆ ವಾರಕ್ಕೆ ಹತ್ತು-ಹನ್ನೆರಡು ಗಂಟೆಯೂ ಗಟ್ಟಿಯಾಗಿ ಸಿಗದಿದ್ದರೆ ಮೂರನೇ ಸೆಮಿಸ್ಟರಿಗೆ ಬಾಕಿ ವಿಷಯಗಳ ರಾಶಿ ಬೀಳುತ್ತದೆ. ಆನ್‌ಲೈನ್ ಪದವಿಯಲ್ಲಿ ಪರೀಕ್ಷೆಗೆ ಕೂರಲು ಚಟುವಟಿಕೆಗಳಲ್ಲಿ 75% ಭಾಗವಹಿಸಿರಬೇಕು ಎಂಬ ನಿಯಮವೂ ಇದೆ. ವಿಡಿಯೊ ಓಡಲು ಬಿಟ್ಟು ಮಲಗಿದರೆ ಹಾಜರಿ ಬೀಳಬಹುದು, ವಿಷಯ ತಲೆಗೆ ಹೋಗುವುದಿಲ್ಲ.

ಓದು ಶುರುವಾಗುವ ಮುನ್ನವೇ ಡೆಸ್ಕಿನಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಕ್ಲೇಮಿಗೆ ನಾಲ್ಕು ತಾರೀಖು ಬರೆಯಿರಿ: ಡಿಸ್ಚಾರ್ಜ್ ಆದದ್ದು, ಕಾಗದ ಅಪ್‌ಲೋಡ್ ಆದದ್ದು, ಪ್ರಶ್ನೆ ವಾಪಸ್ ಬಂದದ್ದು, ಹಣ ಜಮೆಯಾದದ್ದು. ಪಕ್ಕದಲ್ಲಿ ವಾಪಸ್ಸಿನ ಕಾರಣ: ರೆಫರಲ್ ಪತ್ರವಿಲ್ಲ, ಪೂರ್ವಾನುಮತಿಯ ಪ್ಯಾಕೇಜೇ ಬೇರೆ ಮಾಡಿದ ಚಿಕಿತ್ಸೆಯೇ ಬೇರೆ, ಆಪರೇಷನ್ ನೋಟಿನಲ್ಲಿ ಸಹಿ ಇಲ್ಲ, ಹೀಗೆ. ಮೂರು ತಿಂಗಳು ಬರೆದರೆ ಎರಡು-ಮೂರು ಕಾರಣಗಳೇ ಮತ್ತೆಮತ್ತೆ ಕಾಣುತ್ತವೆ. ಕಾರಣಗಳನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸಿ ಕಂಬದ ನಕ್ಷೆ ಬರೆದರೆ ಅದೇ ಪರೇಟೊ ಚಾರ್ಟ್. ಕ್ವಾಲಿಟಿ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಅದು ಬಂದಾಗ ನಿಮಗೆ ಹೊಸದೆನಿಸುವುದಿಲ್ಲ.

ನಾನು ಸಮುದಾಯ ಆರೋಗ್ಯ ಅಧಿಕಾರಿ. ಆಸ್ಪತ್ರೆ ಎಂಬಿಎ ನಮ್ಮಂಥವರಿಗೆ ಉಪಯೋಗವೇ?
– ಬ್ಯಾಡಗಿ ತಾಲೂಕು, ಹಾವೇರಿ ಜಿಲ್ಲೆ

ಅಷ್ಟಕ್ಕಷ್ಟೇ. ಆಸ್ಪತ್ರೆ ಎಂಬಿಎಯ ಪಾಠಗಳು ಬೆಡ್, ಬಿಲ್ಲು, ಮಾರ್ಕೆಟಿಂಗ್ ಸುತ್ತ ಇರುತ್ತವೆ. ನಿಮ್ಮ ಕೆಲಸ ಸುಮಾರು ಐದು ಸಾವಿರ ಜನಸಂಖ್ಯೆಯ ಉಪಕೇಂದ್ರದ್ದು. ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಬಿಪಿ-ಸಕ್ಕರೆ ಕಾಯಿಲೆಯವರನ್ನು ಬೆನ್ನುಹತ್ತಬೇಕು, ಔಷಧ ತೀರುವ ಮುನ್ನ ಇಂಡೆಂಟ್ ಹಾಕಬೇಕು. ಅದಕ್ಕೆ ಸಾರ್ವಜನಿಕ ಆರೋಗ್ಯದ ಓದು ಹತ್ತಿರ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ (ಎಂ.ಪಿ.ಎಚ್.) ಇದೆ, ಆದರೆ ಅದು ಹೋಗಿ ಕೂತು ಓದುವಂಥದ್ದು. ಇಗ್ನೋದ ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ದೂರ ಶಿಕ್ಷಣದ್ದು. ಪ್ರಾಯೋಗಿಕ ತರಗತಿಗೆ ರಜೆ ಹಾಕಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಅರ್ಹತೆಯ ಸಾಲುಗಳನ್ನು ಪ್ರಾಸ್ಪೆಕ್ಟಸ್‌ನಲ್ಲಿ ಪೂರ್ತಿ ಓದಿ, ಇಲಾಖೆಯ ಅನುಮತಿಯನ್ನು ಬರಹದಲ್ಲಿ ತೆಗೆದುಕೊಂಡೇ ಸೇರಿ.

ಓದುವ ಜೊತೆಗೆ ಕೈಗೆ ಹತ್ತುವ ಕೆಲಸವೆಂದರೆ ಎನ್‌ಕ್ಯೂಎಎಸ್, ಅಂದರೆ ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಮಾನದಂಡ. ಸೇವೆ, ರೋಗಿಯ ಹಕ್ಕು, ಸಲಕರಣೆ-ಸಿಬ್ಬಂದಿ, ಪೂರಕ ಸೇವೆ, ಚಿಕಿತ್ಸೆ, ಸೋಂಕು ತಡೆ, ಗುಣಮಟ್ಟ ನಿರ್ವಹಣೆ, ಫಲಿತಾಂಶ ಎಂದು ಎಂಟು ವಿಭಾಗ. ಪ್ರತಿ ಅಂಶಕ್ಕೂ ಪೂರ್ತಿ ಇದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ನಿಮ್ಮ ಕೇಂದ್ರಕ್ಕೆ ನೀವೇ ಅಂಕ ಹಾಕಿ ನೋಡಿ. ಹೆಚ್ಚಿನವರು ಚಿಕಿತ್ಸೆಯಲ್ಲಿ ಅಂಕ ಕಳೆಯುವುದಿಲ್ಲ, ರಿಜಿಸ್ಟರಿನಲ್ಲಿ ಕಳೆಯುತ್ತಾರೆ. ಕೆಲಸ ಆಗಿರುತ್ತದೆ, ಬರೆದಿರುವುದಿಲ್ಲ.

ನಮ್ಮದು 25 ಬೆಡ್ಡಿನ ಆಸ್ಪತ್ರೆ. ನಾನು ಎಂ.ಎಸ್. ಸರ್ಜನ್. ಸಿಸ್ಟರುಗಳು ನಿಲ್ಲುತ್ತಿಲ್ಲ. ನಾಯಕತ್ವದ ಕೋರ್ಸ್ ಮಾಡಬೇಕೆಂದಿದ್ದೇನೆ. ಯಾವುದು ಒಳ್ಳೆಯದು?
– ಧಾರವಾಡ

ಡಾಕ್ಟರೇ, ಕೋರ್ಸಿಗಿಂತ ಮೊದಲು ಡ್ಯೂಟಿ ಚಾರ್ಟ್ ತೆಗೆದು ನೋಡಿ. ಮೂರು ಪಾಳಿ, ಪಾಳಿಗೊಬ್ಬರು, ಅಂದಮೇಲೆ ಮೂರು ಜನ ಸಾಕು ಎಂದು ಮಾಲೀಕರು ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 365 ದಿನ, ದಿನಕ್ಕೆ 3 ಪಾಳಿ, ಒಟ್ಟು 1,095 ಪಾಳಿ. ಒಬ್ಬ ಸಿಸ್ಟರಿಗೆ ವಾರಕ್ಕೊಂದರಂತೆ 52 ರಜೆ, 12 ಸಾಂದರ್ಭಿಕ ರಜೆ, 10 ಹಬ್ಬದ ರಜೆ, 15 ಗಳಿಕೆ ರಜೆ ಎಂದಿಟ್ಟುಕೊಂಡರೆ ಸಿಗುವುದು 276 ದಿನ. 1,095ನ್ನು 276ರಿಂದ ಭಾಗಿಸಿದರೆ 3.97. ಅಂದರೆ ಒಂದು ಜಾಗ ಹಗಲು-ರಾತ್ರಿ ತುಂಬಿರಲು ನಾಲ್ವರು ಬೇಕು, ಪಾಳಿಗಿಬ್ಬರು ಬೇಕಾದರೆ ಎಂಟು. ನಾಲ್ಕನೆಯವರಿಲ್ಲದ ಕಡೆ ಆ ಖಾಲಿಯನ್ನು ಡಬಲ್ ಡ್ಯೂಟಿ ತುಂಬುತ್ತದೆ, ಆರು ತಿಂಗಳಿಗೆ ರಾಜೀನಾಮೆ ಬರುತ್ತದೆ. ಯಾವ ನಾಯಕತ್ವದ ತರಬೇತಿಯೂ ಇದನ್ನು ಸರಿಪಡಿಸದು.

ಚಾರ್ಟ್ ಸರಿಯಾದ ಮೇಲೆ ನಿಮಗೆ ಎರಡು ವರ್ಷದ ಪದವಿಯ ಅಗತ್ಯ ಕಾಣುವುದಿಲ್ಲ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಪ್ರವೇಶ ಹಂತದ ಮಾನದಂಡಗಳ ಮೇಲೆ ಒಂದು ಕಿರು ಕೋರ್ಸ್, ಹಣಕಾಸಿನ ಪ್ರಾಥಮಿಕ ಪಾಠ ಒಂದು, ಇಷ್ಟು ಸಾಕು. ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿಯ ಷರತ್ತುಗಳನ್ನೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನೂ ನೀವೇ ಒಮ್ಮೆ ಓದಿ. ಗುಮಾಸ್ತರಿಗೆ ಬಿಡಬೇಡಿ, ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಕೋರ್ಸುಗಳಲ್ಲಿ ಕಲಿಸುವ ಒಂದು ಸಂಗತಿಯನ್ನು ಮಾತ್ರ ನಾಳೆಯೇ ಶುರು ಮಾಡಬಹುದು: ಎಸ್‌ಬಿಎಆರ್ ಎಂಬ ವರದಿ ಕ್ರಮ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನನ್ನಿಸುತ್ತದೆ, ನಿಮ್ಮಿಂದ ಏನು ಬೇಕು, ಈ ನಾಲ್ಕೇ. ರಾತ್ರಿ ಎರಡಕ್ಕೆ ‘ಸರ್, ಪೇಷಂಟ್ ಯಾಕೋ ಸರಿ ಇಲ್ರೀ’ ಎಂದು ಫೋನ್ ಬಂದರೆ ನೀವು ಮಗ್ಗುಲು ಬದಲಿಸುತ್ತೀರಿ. ಅದೇ ಸಿಸ್ಟರ್, ‘ಸರ್, ಆರನೇ ಬೆಡ್ಡಿಂದು ಬಿಪಿ 90/60 ಆಗೇತ್ರಿ, ಪಲ್ಸ್ 120. ನಿನ್ನೆ ಹರ್ನಿಯಾ ಆಪರೇಷನ್ ಆದವ್ರು. ಡ್ರೆಸ್ಸಿಂಗ್ ತೊಯ್ದೈತಿ, ಬ್ಲೀಡಿಂಗ್ ಅನಸ್ತೈತಿ. ಹತ್ತು ಮಿನಿಟಿನಾಗ ಬರ್ರಿ’ ಎಂದರೆ ಚಪ್ಪಲಿ ಹಾಕಿಕೊಳ್ಳುತ್ತೀರಿ. ಮೂರನೆಯ ಮತ್ತು ನಾಲ್ಕನೆಯ ಮಾತು ಹೇಳಲು ನಮ್ಮ ಸಿಸ್ಟರುಗಳು ಹೆದರುತ್ತಾರೆ, ‘ನೀ ಡಾಕ್ಟರಾ ನಾ ಡಾಕ್ಟರಾ’ ಎಂದು ಬೈಸಿಕೊಂಡ ಅನುಭವವಿರುತ್ತದೆ. ಮೊದಲ ಸಲ ಅವರ ಅಂದಾಜು ತಪ್ಪಾದಾಗ ನೀವು ಬೈಯದಿದ್ದರೆ ಈ ಕ್ರಮ ಉಳಿಯುತ್ತದೆ. ಬೈದರೆ ಗೋಡೆಯ ಮೇಲಿನ ಚಾರ್ಟಾಗುತ್ತದೆ.

ವಯಸ್ಸು 44. ಲೆಕ್ಕ ಅಂದ್ರ ಮೊದಲಿಂದ ಹೆದರಿಕಿ. ಈ ಓದಿನಾಗ ಗಣಿತ ಭಾಳ ಇರತೈತೇನ್ರಿ?
– ರಾಣೆಬೆನ್ನೂರು

ಕೂಡಿಸಿ, ಕಳೆದು, ಭಾಗಿಸಲು ಬಂದರೆ ಮುಕ್ಕಾಲು ದಾರಿ ಬಂದಂತೆ. ಉದಾಹರಣೆಗೆ 50 ಬೆಡ್ಡಿನ ಆಸ್ಪತ್ರೆ, 30 ದಿನದ ತಿಂಗಳು: ಲಭ್ಯವಿರುವ ಬೆಡ್-ದಿನಗಳು 1,500. ಪ್ರತಿ ಮಧ್ಯರಾತ್ರಿ ಎಣಿಸಿದ ಒಳರೋಗಿಗಳ ಒಟ್ಟು ಮೊತ್ತ 1,140 ಎಂದಿರಲಿ. ಬೆಡ್ ತುಂಬಿದ ಪ್ರಮಾಣ 76%. ಆ ತಿಂಗಳು ಡಿಸ್ಚಾರ್ಜ್ ಆದವರು 285 ಜನ ಅಂದರೆ ಸರಾಸರಿ ವಾಸ 4 ದಿನ. ಖಾಲಿ ಉಳಿದ 360 ಬೆಡ್-ದಿನಗಳನ್ನು 285ರಿಂದ ಭಾಗಿಸಿದರೆ 1.26. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಬೆಡ್ ಒಂದೂಕಾಲು ದಿನ ಖಾಲಿ ಇತ್ತೆಂದು ಅರ್ಥ. ಡೇ-ಕೇರ್ ರೋಗಿಗಳನ್ನು, ತೊಟ್ಟಿಲಿನಲ್ಲಿರುವ ನವಜಾತ ಶಿಶುಗಳನ್ನು ಎಣಿಕೆಗೆ ಸೇರಿಸಬೇಕೋ ಬೇಡವೋ ಎಂಬಲ್ಲಿ ಗೊಂದಲವಾಗುತ್ತದೆ. ಒಂದು ನಿಯಮ ಹಿಡಿದು ಎಲ್ಲ ತಿಂಗಳೂ ಅದನ್ನೇ ಪಾಲಿಸಿ.

ಸ್ಟೋರಿನ ಲೆಕ್ಕವೂ ಹೀಗೇ. ದಿನಕ್ಕೆ 40 ಬಾಟಲಿ ಆರ್‌ಎಲ್ (ಡ್ರಿಪ್ಪಿನಲ್ಲಿ ಏರಿಸುವ ದ್ರಾವಣ) ಖರ್ಚು, ಆರ್ಡರ್ ಕೊಟ್ಟು ಬರಲು 5 ದಿನ, ಆಪತ್ತಿಗೆಂದು ಇನ್ನೆರಡು ದಿನದ್ದು: 200 ಕೂಡಿಸು 80, ಅಂದರೆ 280 ಉಳಿದಾಗ ಆರ್ಡರ್ ಹೋಗಬೇಕು. ಡೆಂಗಿ ಸಮಯದಲ್ಲಿ ದಿನದ ಖರ್ಚು ಏರಿದರೂ 280ಕ್ಕೇ ಜೋತುಬಿದ್ದವರ ಸ್ಟೋರು ಬರಿದಾಗುತ್ತದೆ. ಅಂಕಿಅಂಶದ ಪೇಪರ್ ಸ್ವಲ್ಪ ಗಟ್ಟಿ ಇರುತ್ತದೆ, ಅದನ್ನು ಮೊದಲ ಸೆಮಿಸ್ಟರಿನಲ್ಲೇ ಮುಗಿಸಿಬಿಡಿ.

ಕೊನೇ ಸೆಮಿಸ್ಟರಿಗೆ ಪ್ರಾಜೆಕ್ಟ್ ಇದೆ. ‘ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ರೋಗಿಗಳ ತೃಪ್ತಿ’ ಅಂತ ವಿಷಯ ಆರಿಸಿದ್ದೇನೆ. ಸಲಹೆ ಕೊಡಿ.
– ವಿದ್ಯಾನಗರ, ಹುಬ್ಬಳ್ಳಿ

ಬಿಟ್ಟುಬಿಡಿ. ಬೆಡ್ ಪಕ್ಕ ನಿಂತು ಕೇಳಿದರೆ ಎಲ್ಲರೂ ‘ಚಲೋ ಐತ್ರಿ’ ಅನ್ನುತ್ತಾರೆ. ನೂರು ಪ್ರಶ್ನಾವಳಿ ತುಂಬಿಸಿದ ಮೇಲೂ ಆಸ್ಪತ್ರೆಯಲ್ಲಿ ಏನನ್ನು ಬದಲಿಸಬೇಕೆಂದು ತಿಳಿಯುವುದಿಲ್ಲ. ನಿಮ್ಮದೇ ಆಸ್ಪತ್ರೆಯ ಒಂದು ವಾರ್ಡಿನ ಡಿಸ್ಚಾರ್ಜ್ ವಿಳಂಬ ಹಿಡಿಯಿರಿ. ಬೆಳಗಿನ ರೌಂಡಿನಲ್ಲಿ ಡಾಕ್ಟರ್ ‘ಇವತ್ತ ಮನಿಗೆ ಹೋಗ್ರಿ’ ಎಂದಿರುತ್ತಾರೆ, ಗಂಟು ಕಟ್ಟಿಕೊಂಡ ಮನೆಯವರು ಸಂಜೆ ನರಗುಂದದ ಬಸ್ಸು ತಪ್ಪುವ ತನಕ ಬಿಲ್ಲಿಂಗ್ ಕೌಂಟರಿನ ಮುಂದೆ ಇರುತ್ತಾರೆ.

ಏಳು ಹೊತ್ತು ಬರೆದುಕೊಳ್ಳಬೇಕು: ಕೇಸ್‌ಶೀಟಿನಲ್ಲಿ ಡಿಸ್ಚಾರ್ಜ್ ಬರೆದದ್ದು, ಸಮ್ಮರಿಗೆ ಸಹಿ ಬಿದ್ದದ್ದು, ಫಾರ್ಮಸಿಗೆ ಉಳಿದ ಔಷಧ ವಾಪಸ್ಸಾಗಿ ಲ್ಯಾಬ್ ಬಾಕಿ ತೀರಿದ್ದು, ಅಂತಿಮ ಬಿಲ್ ಸಿದ್ಧವಾದದ್ದು, ಹಣ ಕಟ್ಟಿದ್ದು ಅಥವಾ ವಿಮೆಯ ಒಪ್ಪಿಗೆ ಬಂದದ್ದು, ಬೆಡ್ ಬಿಟ್ಟದ್ದು, ಬೆಡ್ ಸ್ವಚ್ಛವಾಗಿ ಮುಂದಿನವರಿಗೆ ಸಿದ್ಧವಾದದ್ದು. ಸಾಲಾಗಿ ನೂರು ಡಿಸ್ಚಾರ್ಜ್, ಭಾನುವಾರವೂ ಸೇರಿ. ನಿಮಗೆ ಅನುಕೂಲವಾದ ದಿನದ್ದನ್ನಷ್ಟೇ ಆರಿಸಬೇಡಿ. ನಗದು, ವಿಮೆ, ಆರೋಗ್ಯ ಕರ್ನಾಟಕ ಮೂವರನ್ನೂ ಬೇರೆಬೇರೆ ಹಾಳೆಯಲ್ಲಿಡಿ. ಕೂಡಿಸಿದರೆ ಮೂರರ ಕಥೆಯೂ ಮುಚ್ಚಿಹೋಗುತ್ತದೆ.

ವಿಮೆಯವರನ್ನು ಬೈಯುವ ಮುನ್ನ ಒಂದು ವಿಷಯ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಆಸ್ಪತ್ರೆಯಿಂದ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ನಗದುರಹಿತ ಡಿಸ್ಚಾರ್ಜಿಗೆ ಅಂತಿಮ ಒಪ್ಪಿಗೆ ಕೊಡಬೇಕು. ಆ ಗಡಿಯಾರ ಶುರುವಾಗುವುದು ನೀವು ಕೋರಿಕೆ ಕಳಿಸಿದ ಮೇಲೆ. ಹತ್ತಕ್ಕೆ ಡಿಸ್ಚಾರ್ಜ್ ಬರೆದು ಎರಡಕ್ಕೆ ಕಾಗದ ಕಳಿಸಿದ್ದರೆ ಆ ನಾಲ್ಕು ಗಂಟೆ ನಿಮ್ಮದು.

ಸರಾಸರಿಯನ್ನಷ್ಟೇ ಬರೆದು ಮುಗಿಸಬೇಡಿ. ಐವರು ಕಾದದ್ದು 2, 3, 3, 4, 18 ಗಂಟೆ ಎಂದಿಟ್ಟುಕೊಳ್ಳಿ. ಸರಾಸರಿ 6, ಮಧ್ಯಾಂಕ 3. ಆರು ಗಂಟೆ ಕಾದವರು ಅಲ್ಲಿ ಒಬ್ಬರೂ ಇಲ್ಲ. ಎರಡನ್ನೂ ಕೊಡಿ, ಆ 18 ಗಂಟೆ ಏಕಾಯಿತೆಂದು ಬೇರೆಯಾಗಿ ಬರೆಯಿರಿ.

ಅಂಕಿಗಳು ಕೆಡುವುದು ಬರೆಯುವ ಹಂತದಲ್ಲೇ. ಎಲ್ಲ ಹೊತ್ತೂ 10.00, 10.30, 11.00 ಎಂದಿದ್ದರೆ ಅದು ಪಾಳಿ ಮುಗಿಯುವಾಗ ನೆನಪಿನಿಂದ ತುಂಬಿದ್ದು. ಅಂಥ ಹಾಳೆಯನ್ನು ಬಳಸಬೇಡಿ. ಅಳೆಯುತ್ತಿದ್ದಾರೆಂದು ಗೊತ್ತಾದ ಮೊದಲ ವಾರ ಎಲ್ಲರೂ ಚುರುಕಾಗುತ್ತಾರೆ, ಆ ವಾರವನ್ನು ಬಿಟ್ಟು ಎಣಿಸಿ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್ ನಿಮ್ಮ ಎಕ್ಸೆಲ್‌ನಲ್ಲಿ ಇರಕೂಡದು, ಕ್ರಮಸಂಖ್ಯೆ ಸಾಕು. ಕೇಸ್‌ಶೀಟಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಮಾರ್ಗದರ್ಶಕರಿಗೆ ಕಳಿಸುವ ಅಭ್ಯಾಸ ಎಲ್ಲ ಕಡೆ ಇದೆ, ಅದು ರೋಗಿಯ ಗುಟ್ಟು ಬಯಲು ಮಾಡಿದಂತೆ. ಮೆಡಿಕಲ್ ಸುಪರಿಂಟೆಂಡೆಂಟರ ಲಿಖಿತ ಅನುಮತಿ, ಎಥಿಕ್ಸ್ ಕಮಿಟಿ ಇದ್ದಲ್ಲಿ ಅದರ ಒಪ್ಪಿಗೆ, ಎರಡೂ ಮೊದಲ ದಿನಕ್ಕಿಂತ ಹಿಂದಿನ ತಾರೀಖಿನವು ಬೇಕು.

ಆಮೇಲೆ ಒಂದೇ ಬದಲಾವಣೆ ಮಾಡಿ, ಒಂದೇ ವಾರ್ಡಿನಲ್ಲಿ, ಎರಡು ವಾರ. ಸಂಜೆ ಆರಕ್ಕೆ ಡಾಕ್ಟರ್, ಸಿಸ್ಟರ್, ಬಿಲ್ಲಿಂಗಿನವರು ಐದು ನಿಮಿಷ ನಿಂತು ನಾಳೆ ಹೋಗುವವರ ಪಟ್ಟಿ ಮಾಡಲಿ. ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಸಮ್ಮರಿಯ ಕರಡು ಬರೆಯಲಿ, ಉಳಿದ ಔಷಧ ರಾತ್ರಿಯೇ ಫಾರ್ಮಸಿಗೆ ಹೋಗಲಿ. ಪಕ್ಕದ ವಾರ್ಡ್ ಹಳೆಯ ಪದ್ಧತಿಯಲ್ಲೇ ಇರಲಿ, ಹೋಲಿಸಲು ಬೇಕು. ಪಟ್ಟಿಯಲ್ಲಿದ್ದೂ ಹೋಗದವರು, ಪಟ್ಟಿಯಲ್ಲಿಲ್ಲದೆ ಹೋದವರು ಎಷ್ಟು ಎಂಬುದನ್ನೂ ಎಣಿಸಿ. ಪರೀಕ್ಷಕರು ಕೇಳುವುದು ಅದನ್ನೇ. ಸಮಯ ಉಳಿಯದಿದ್ದರೂ ಪ್ರಾಜೆಕ್ಟ್ ಫೇಲ್ ಅಲ್ಲ, ಏಕೆ ಉಳಿಯಲಿಲ್ಲ ಎಂದು ಹಂತವಾರು ತೋರಿಸಿದರೆ ಅಂಕ ಬರುತ್ತದೆ.

ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಎರಡೂ ಕೈಕೊಡುತ್ತವೆ. ಕ್ಯಾಮೆರಾ ಮುಂದೆ ಬರೆಯುವ ಪರೀಕ್ಷೆ ಹೇಗೆ ಮಾಡುವುದು?
– ನವಲಗುಂದ

ಪಾಠಗಳನ್ನು ನೆಟ್ ಚೆನ್ನಾಗಿರುವ ಹೊತ್ತಿಗೆ ಆ್ಯಪಿನಲ್ಲೇ ಇಳಿಸಿಟ್ಟುಕೊಳ್ಳಿ. ಸಾಧಾರಣ ಗುಣಮಟ್ಟದ ಒಂದು ಗಂಟೆ ವಿಡಿಯೊಗೆ ಸುಮಾರು ಅರ್ಧ ಜಿಬಿ ಹಿಡಿಯಿರಿ. ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಬರೆಯುವ ಸಾಹಸ ಬೇಡ. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬಂಧುಗಳ ಮನೆಯ ಒಂದು ಕೋಣೆ ಕೇಳಿಕೊಳ್ಳಿ, ಹಿಂದಿನ ದಿನವೇ ಹೋಗಿ ಅಲ್ಲಿಂದಲೇ ಅಣಕು ಪರೀಕ್ಷೆ ಬರೆದು ನೋಡಿ. ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಹಾಟ್‌ಸ್ಪಾಟಿಗೆ, ಬೆಳಕು ಮುಖದ ಮೇಲೆ ಬೀಳುವಂತೆ ಕುರ್ಚಿ. ಕೋಣೆಗೆ ಯಾರೂ ಬರದಂತೆ ಹೇಳಿಡಿ. ಚಹಾ ಕೊಡಲು ಬಂದ ಅತ್ತೆಯವರನ್ನೂ ಆ ತಂತ್ರಾಂಶ ‘ಎರಡನೇ ವ್ಯಕ್ತಿ’ ಎಂದೇ ದಾಖಲಿಸುತ್ತದೆ. ನಡುವೆ ಸಂಪರ್ಕ ಕಡಿದರೆ ಪರದೆಯ ಫೋಟೊ ತೆಗೆದು, ಅದೇ ದಿನ ವಿಶ್ವವಿದ್ಯಾಲಯದ ಸಹಾಯವಾಣಿಗೆ ಮೇಲ್ ಹಾಕಿ ದೂರಿನ ಸಂಖ್ಯೆ ಪಡೆಯಿರಿ. ಕೌನ್ಸೆಲರಿಗೆ ವಾಟ್ಸಾಪ್ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ.